ಬಸುರಿಯಲ್ಲಿ ಅತ್ತರೆ ಮಗು ಅಳುಬುರುಕ ಆಗುತ್ತಾ?

ಪ್ರಶ್ನೆ: ನನ್ನ ಮಗಳಿಗೆ ಏಳು ತಿಂಗಳು. ನಾನು ಆರು ತಿಂಗಳ ಬಸುರಿ ಇದ್ದಾಗ ನಮ್ಮಪ್ಪ ತೀರಿಕೊಂಡರು. ಹೆರಿಗೆವರೆಗೂ ಅತ್ತಿದ್ದೇ ಜಾಸ್ತಿ. ಈಗ ಕುಕ್ಕರ್ ಕೂಗಿದರೂ ಮಗಳು ಬೆಚ್ಚಿಬೀಳುತ್ತಾಳೆ. ಹೊಸಬರು ಎತ್ತಿಕೊಂಡರೆ ಕಿರುಚುತ್ತಾಳೆ. 'ಹೊಟ್ಟೇಲಿದ್ದಾಗ ನೀನು ಅತ್ತೆಯಲ್ಲ, ಅದಕ್ಕೇ ಹೀಗೆ' ಅಂತಾರೆ ನಮ್ಮತ್ತೆ. ನಿಜವಾ ಡಾಕ್ಟ್ರೇ?
– ಒಬ್ಬ ತಾಯಿ, ತಿಪಟೂರು

ಉತ್ತರ: ಅಪ್ಪ ಹೋದಾಗ ಅಳದೆ ಇನ್ನೇನು ಮಾಡಬೇಕಿತ್ತು ತಾಯಿ? ನಿಮ್ಮತ್ತೆ ಮಾತಿನಲ್ಲಿ ಚಿಟಿಕೆಯಷ್ಟು ನಿಜ ಇದೆ, ಅಷ್ಟೇ.

ದುಃಖ, ಗಾಬರಿ ಆದಾಗ ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನು ಏರುತ್ತದೆ. ಅದು ಸೀದಾ ಮಗುವಿಗೆ ಹೋಗುವುದಿಲ್ಲ. ಮಾಸಿನಲ್ಲಿರುವ (ಪ್ಲಾಸೆಂಟಾ) ಒಂದು ಕಿಣ್ವ ಬಹುಪಾಲನ್ನು ಅಲ್ಲೇ ನಿಷ್ಕ್ರಿಯ ಮಾಡುತ್ತದೆ. ಸ್ವಲ್ಪ ದಾಟುತ್ತದೆ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಮಂಜುಗಡ್ಡೆ ಕಟ್ಟುವ ಮಳೆ ಸುರಿದು ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಗಿತ್ತು, ಅದೂ ಆ ಚಳಿಯಲ್ಲಿ. ಆಗ ಬಸುರಿಯಾಗಿದ್ದವರ ಮಕ್ಕಳನ್ನು ಸಂಶೋಧಕಿ ಸೂಝನ್ ಕಿಂಗ್ ಅವರ ತಂಡ ವರ್ಷಗಟ್ಟಲೆ ಗಮನಿಸಿತು. ತಾಯಂದಿರ ಕಷ್ಟದ ಗುರುತು ಮಕ್ಕಳ ಸ್ವಭಾವದಲ್ಲೂ ಕಂಡಿತು. ಆದರೆ ಅದು ಗುಂಪಿನ ಸರಾಸರಿ. ನಿಮ್ಮ ಮಗಳ ಹಣೆಬರಹ ಅಲ್ಲ. ಅಲ್ಲದೆ ಏಳು ತಿಂಗಳು ಅಂದರೆ ಹೊಸ ಮುಖ ಕಂಡು ಅಳುವ ವಯಸ್ಸೇ!

ಹೊಟ್ಟೆಯಲ್ಲಿದ್ದಾಗಿನದ್ದು ಹಾಗಿರಲಿ, ನಮ್ಮ ಈಗಿನ ಬಿಗುವೂ ಮಗುವಿಗೆ ತಟ್ಟುತ್ತದೆ. ನನ್ನದೇ ಕತೆ ಕೇಳಿ. ದೊಡ್ಡ ಮಗ ಹುಟ್ಟಿದಾಗ ನಾನಿನ್ನೂ ಪಿ.ಜಿ. ಓದುತ್ತಿದ್ದೆ. ನೈಟ್ ಡ್ಯೂಟಿ ಮುಗಿಸಿ ಬಂದು ಎತ್ತಿಕೊಂಡರೆ ಬಿಲ್ಲಿನ ಹಾಗೆ ಬೆನ್ನು ಸೆಟೆಸುತ್ತಿದ್ದ. ನಮ್ಮಮ್ಮನ ತೊಡೆಗೆ ಹಾಕಿದ ತಕ್ಷಣ ಸುಮ್ಮನಾಗುತ್ತಿದ್ದ. ನನಗೆ ಹೊಟ್ಟೆ ಉರಿ. ಒಂದಿನ ಅಮ್ಮ ಅಂದರು, 'ಮಗೂನ ಹಿಂಡ್ತಾ ಇದ್ದೀಯಲ್ಲೇ, ಮೊದಲು ಕೂತು ಕಾಫಿ ಕುಡಿ.' ನೋಡಿಕೊಂಡರೆ ನಿಜವಾಗಿಯೂ ನನ್ನ ಬೆರಳು ಅವನ ಅಂಗಿಯನ್ನು ಬಿಗಿಯಾಗಿ ಹಿಡಿದಿತ್ತು. ಮಕ್ಕಳ ಡಾಕ್ಟರಾಗಲು ಓದುತ್ತಿದ್ದವಳ ಗತಿ ಇದು.

ಹಾಗಂತ ಇಪ್ಪತ್ತನಾಲ್ಕು ಗಂಟೆ ನಗುತ್ತಾ ಇರಿ ಅಂತಲ್ಲ. 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ತಾಯಂದಿರಿಗೆ ಮಗುವಿನ ಎದುರು ಸ್ವಲ್ಪ ಹೊತ್ತು ಕಲ್ಲಿನ ಮುಖ ಮಾಡಿಕೊಂಡು ಕೂರಲು ಹೇಳಿದರು. ಮಕ್ಕಳು ನಕ್ಕು, ಕೈ ಆಡಿಸಿ ಕರೆದವು, ಆಮೇಲೆ ಮುಖ ತಿರುಗಿಸಿದವು, ಕಂಗಾಲಾದವು. ತಾಯಿ ಮತ್ತೆ ಮಾತಾಡಿಸಿದಾಗ ಸ್ವಲ್ಪ ಮುನಿಸು ತೋರಿಸಿ ಮೆಲ್ಲಗೆ ದಾರಿಗೆ ಬಂದವು. ಮತ್ತೆ ಮಾತಾಡಿಸುವುದು ಇದೆಯಲ್ಲ, ನಿಮ್ಮ ಕೈಯಲ್ಲಿರುವುದು ಅದೇ.

ಕುಕ್ಕರ್ ಕೂಗುವ ಮೊದಲೇ ಎತ್ತಿಕೊಂಡು 'ಈಗ ಕೂಗತ್ತೆ ನೋಡು' ಅನ್ನಿ. ನೆಂಟರು ಬಂದರೆ ಮಗು ನಿಮ್ಮ ಕಂಕುಳಲ್ಲೇ ಇರಲಿ, ಅವರು ದೂರದಿಂದ ಮಾತಾಡಿಸಲಿ. ಸಂಜೆ ಯಜಮಾನರು ಮಗುವನ್ನು ಹೊರಗೆ ಸುತ್ತಾಡಿಸಿಕೊಂಡು ಬರಲಿ, ನೀವು ಅರ್ಧ ಗಂಟೆ ಮಲಗಿ.

ಒಂದು ಮಾತ್ರ ನೀವು ಬರೆದಿಲ್ಲ: ನಿಮ್ಮ ಅಳು ನಿಂತಿದೆಯಾ? ಮಗು ಮಲಗಿದರೂ ನಿಮಗೆ ನಿದ್ದೆ ಬಾರದೆ, ಯಾವುದೂ ಬೇಡ ಅನಿಸುತ್ತಾ ಎರಡು ವಾರ ಕಳೆದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಜೊತೆಗೇ ಇದ್ದು ಚಿಕಿತ್ಸೆ ಪಡೆಯುವ ವಾರ್ಡೂ ಇದೆ.