ಡ್ಯಾಂಪರ್ ಏಳು, ರಾಟೆ ಬೇರೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ನಮ್ಮ ಕಾಸರಗೋಡಿನ ಬದಿಯಡ್ಕದ ಹುಡುಗ ಕ್ರೀಡಾವಿಜ್ಞಾನ ಓದಲು ನಾರ್ವೆಯ ಟ್ರಾಂಡ್‌ಹೈಮ್‌ಗೆ ಬರುತ್ತಿದ್ದಾನೆ ಅಂದರೆ ನನಗೆ ಖುಷಿಯೇ. ಚಳಿ ಹೇಗೆ, ಊಟಕ್ಕೇನು ಅಂತ ಕೇಳಿದ್ದೀಯ. ಆಮೇಲೆ, "ಲ್ಯಾಬಿನಲ್ಲಿ ಸ್ಕೀ ಎರ್ಗೋಮೀಟರ್ ಪರೀಕ್ಷೆಗೆ ಕೈಜೋಡಿಸಬೇಕಂತೆ, ಹಿಮವನ್ನೇ ನೋಡದ ನನ್ನಿಂದ ಆಗುತ್ತದಾ ಅಕ್ಕಾ?" ಅಂತ.

ಉಣ್ಣೆಯ ಒಳಅಂಗಿ ಇಲ್ಲಿಗೆ ಬಂದೇ ತಗೋ. ಡಿಸೆಂಬರಿನಲ್ಲಿ ಹತ್ತಕ್ಕೆ ಬೆಳಗಾಗಿ ಎರಡೂವರೆಗೆ ಕತ್ತಲು. ಚಳಿಗಿಂತ ಅದೇ ಜಾಸ್ತಿ ಕಾಡುತ್ತದೆ. ಊಟದ್ದು ಅಮ್ಮನಿಗೆ ಗೊತ್ತು, ಮಿಡಿ ಉಪ್ಪಿನಕಾಯಿ ಮಾತ್ರ ಮರೆಯಬೇಡ. ಭಾಷೆಗೆ ಹೆದರಬೇಡ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಬಸ್ಸಿನಲ್ಲಿ ಇನ್ನೊಂದು ಮಾತಾಡಿ ಬೆಳೆದವರಲ್ವಾ ನಾವು.

ಇನ್ನು ಆ ಸ್ಕೀ ಎರ್ಗೋಮೀಟರ್, ಕೋಣೆಯೊಳಗೇ ಸ್ಕೀ ಕೋಲು ನೂಕುವ ಶಕ್ತಿ ಅಳೆಯುವ ಮಷೀನು. 2012ರಲ್ಲಿ ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಗೋಡೆಗೆ ಒಂದು ಕಂಬ. ಮೇಲಿಂದ ಎರಡು ಹಗ್ಗ, ತುದಿಗೆ ಹಿಡಿಕೆ. ಸೊಂಟ ಬಗ್ಗಿಸಿ ತೊಡೆಯವರೆಗೆ ಎಳೆಯಬೇಕು. ನಮ್ಮ ಬಾವಿಕಟ್ಟೆಯೇ! ಬಾವಿಯಲ್ಲಿ ಒಂದು ಕೈ ಆದ ಮೇಲೆ ಇನ್ನೊಂದು, ಇಲ್ಲಿ ಎರಡೂ ಒಟ್ಟಿಗೆ. ನಾನು ಎಳೆದದ್ದು ನೋಡಿ ಲ್ಯಾಬಿನವರು ಎಲ್ಲಿ ಕಲಿತೆ ಅಂತ ಕೇಳಿದರು. ನೀರು ಸೇದಿ ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಹಿಮದ ಮೇಲೆ ಎರಡೂ ಕೋಲು ಒಟ್ಟಿಗೆ ಊರಿ ನೂಕುವುದಕ್ಕೆ ಡಬಲ್ ಪೋಲಿಂಗ್ ಅನ್ನುತ್ತಾರೆ. ಸ್ವೀಡನ್ನಿನ ವಾಸಲೋಪೆಟ್ 90 ಕಿಲೋಮೀಟರ್ ಸ್ಕೀ ಓಟ. ಮುಂದಿರುವವರು ಈಗ ಅಷ್ಟನ್ನೂ ಹೀಗೇ ಮುಗಿಸುತ್ತಾರೆ. ಅದಕ್ಕೇ ಈ ಮಷೀನಿಗೆ ಬೆಲೆ. ಹಂತ ಹಂತವಾಗಿ ವ್ಯಾಟ್ ಏರಿಸುತ್ತೀರಿ, ಮುಖಕ್ಕೆ ಮಾಸ್ಕ್ ಹಾಕಿ ಆಮ್ಲಜನಕ ಅಳೆಯುತ್ತೀರಿ, ಹಂತದ ಕೊನೆಗೆ ಬೆರಳು ಚುಚ್ಚಿ, ದುಡಿಮೆ ಕಠಿಣವಾದಷ್ಟೂ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ನೋಡುತ್ತೀರಿ. ವಾರದಲ್ಲಿ ಕೈ ಪಳಗುತ್ತದೆ. ಆದರೆ ಇಲ್ಲಿ ಜಾರುವಿಕೆ ಇಲ್ಲ, ಏರು ಇಲ್ಲ, ಸಮತೋಲ ತಪ್ಪುವ ಭಯವೂ ಇಲ್ಲ. ಹಿಮದಲ್ಲಿ ವೇಗ ಹೆಚ್ಚಾದಾಗ ಕೋಲು ನೆಲಕ್ಕೆ ತಾಗಿರುವುದು ಸೆಕೆಂಡಿನ ಮೂರನೇ ಒಂದು ಪಾಲಿಗಿಂತ ಕಡಿಮೆ. ಪೂರ್ತಿ ಸ್ಕೀಯಿಂಗ್ ಅಳೆಯಬೇಕಾದರೆ ಟ್ರೆಡ್‌ಮಿಲ್ ಮೇಲೆ ಚಕ್ರವಿರುವ ರೋಲರ್ ಸ್ಕೀ ಹಾಕಿಸಬೇಕು.

ನಾನು ಎಡವಿದ್ದು ಇದರಲ್ಲಲ್ಲ. ಹದಿನೇಳರ ಒಬ್ಬ ಹುಡುಗಿಗೆ ಬೇಸಿಗೆಯ ಮೊದಲು ಒಂದು ಮಷೀನಿನಲ್ಲಿ ಪರೀಕ್ಷೆ ಮಾಡಿದೆ, ಬೇಸಿಗೆ ಕಳೆದ ಮೇಲೆ ಇನ್ನೊಂದರಲ್ಲಿ. ಎರಡರಲ್ಲೂ ಡ್ಯಾಂಪರ್ ಏಳಕ್ಕೇ ಇಟ್ಟಿದ್ದೆ. ಡ್ಯಾಂಪರ್ ಅಂದರೆ ಹಗ್ಗ ಎಳೆದಾಗ ತಿರುಗುವ ಚಕ್ರಕ್ಕೆ ಗಾಳಿ ಬಿಡುವ ಕಿಂಡಿ ಅಷ್ಟೇ. ಜಾಲರಿಯಲ್ಲಿ ಧೂಳು ಕೂತರೆ ಅದೇ ಏಳರಲ್ಲಿ ಎಳೆತ ಹಗುರ. ನಿಜವಾದ ಭಾರ ತೋರಿಸುವುದು ಪರದೆಯಲ್ಲಿ ಬರುವ ಡ್ರ್ಯಾಗ್ ಫ್ಯಾಕ್ಟರ್ ಅನ್ನುವ ಅಂಕಿ. ನಾನು ಅದನ್ನು ನೋಡಲೇ ಇಲ್ಲ. ಮೊದಲನೆಯದು ಧೂಳು ತುಂಬಿದ ಹಳೇ ಮಷೀನು, ಎರಡನೆಯದು ಹೊಸತು. ಭಾರ ಎಷ್ಟೇ ಇರಲಿ, ಮಷೀನು ವ್ಯಾಟನ್ನು ಸರಿಯಾಗೇ ಲೆಕ್ಕ ಹಾಕುತ್ತದೆ. ತಪ್ಪಿದ್ದು ಅವಳ ಲಯ. ತೆಳ್ಳಗಿನ ಹುಡುಗಿ, ಭಾರಕ್ಕೆ ಎಳೆತ ನಿಧಾನವಾಯಿತು, ತೋಳು ಬೇಗ ಸೋತಿತು. "ಬೇಸಿಗೆಯ ತರಬೇತಿ ಸಾಲದು" ಅಂತ ವರದಿ ಬರೆದೆ. ಅವಳು ಓದಿ ತಲೆಯಾಡಿಸಿ ಹೋದಳು. ಜಾಲರಿ ಒರೆಸುವಾಗ ನನಗೆ ವಿಷಯ ಹೊಳೆಯುವ ಹೊತ್ತಿಗೆ ತಿಂಗಳು ಕಳೆದಿತ್ತು. ಆ ಚಳಿಗಾಲ ಅವಳು ತಂಡಕ್ಕೆ ಹೆಸರೇ ಕೊಡಲಿಲ್ಲ. ನನ್ನ ವರದಿಯಿಂದಲೇ ಅಂತ ಹೇಳಲಾರೆ. ಅಲ್ಲ ಅಂತಲೂ ಹೇಳಲಾರೆ.

ನೀರು ತರುವುದು ತಡವಾದರೆ ನಮ್ಮಜ್ಜಿ ನನಗೆ ಬೈಯುವ ಮೊದಲು ರಾಟೆ ತಿರುಗಿಸಿ ನೋಡುತ್ತಿದ್ದರು. ಬಿಗಿಯಾಗಿದ್ದರೆ ಎರಡು ಹನಿ ತೆಂಗಿನೆಣ್ಣೆ. ಅವರ ಮೊಮ್ಮಗಳು ಹುಡುಗಿಯನ್ನೇ ನೋಡಿದಳು, ರಾಟೆಯನ್ನು ನೋಡಲಿಲ್ಲ.

ಹಾಗಾಗಿ ಪ್ರತಿ ಪರೀಕ್ಷೆಗೆ ಮುಂಚೆ ಡ್ರ್ಯಾಗ್ ಫ್ಯಾಕ್ಟರ್ ಬರೆದಿಡು. ಯಾರು ಎಷ್ಟೇ ಅವಸರ ಮಾಡಲಿ. ಒಬ್ಬರಿಗೆ ಯಾವಾಗಲೂ ಅದೇ ಮಷೀನು, ಅದೇ ಭಾರ. ಹೊಸಬರಿಗೆ ಮೊದಲ ದಿನ ಸುಮ್ನೆ ಅಭ್ಯಾಸ ಮಾಡಿಸು, ಅಂಕಿ ಬರೆಯಬೇಡ.

ಹಿಮ ನೋಡಿಲ್ಲ ಅಂತ ಸಂಕೋಚ ಬೇಡ. ನಮ್ಮ ಗಡಿಯಾಚೆಯ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಇದೇ ಸ್ಕೀ ಓಟದಲ್ಲಿ ಭಾರತಕ್ಕಾಗಿ ಓಡಿದ್ದಾರೆ. ಅಲ್ಲೆಲ್ಲಿ ಹಿಮ?

ಊರಿನ ಬಾವಿಗೆ ಈಗ ಪಂಪ್ ಬಂದಿದೆ. ಹೋದ ಸಲ ಹೋದಾಗ ರಾಟೆ ಕೊಟ್ಟಿಗೆಯ ಮೂಲೆಯಲ್ಲಿತ್ತು. ತಿರುಗಿಸಿದೆ, ತಿರುಗಲಿಲ್ಲ. ನೀನು ಯಾವ ದಿನ ಇಳಿಯುತ್ತೀಯ ತಿಳಿಸು, ವಿಮಾನ ನಿಲ್ದಾಣಕ್ಕೆ ಬರುತ್ತೇನೆ. ಉಪ್ಪಿನಕಾಯಿ ಸೋರದ ಹಾಗೆ ಕಟ್ಟಿಸು.