ಮುರಿದ ಮ್ಯಾಗ್ನೆಟ್ ಯಾಕೆ ಮುನಿಸಿಕೊಂಡಿತು?

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಆಯಸ್ಕಾಂತದ ಬಗ್ಗೆಯೇ ಇವೆ. ವರ್ಷಗಟ್ಟಲೆ ಇದನ್ನೇ ಪಾಠ ಮಾಡಿದ ಮೇಷ್ಟ್ರಿಗೆ ಇದಕ್ಕಿಂತ ಖುಷಿ ಇನ್ನೇನು ಬೇಕು? ಒಂದು ಪ್ರಶ್ನೆಯಂತೂ ನನ್ನನ್ನೂ ಸ್ವಲ್ಪ ಹೊತ್ತು ಸುಮ್ನೆ ಕೂರಿಸಿತು. ಅದರಿಂದಲೇ ಶುರು ಮಾಡುತ್ತೇನೆ.

ಸಾರ್, ಹಳೇ ಸ್ಪೀಕರಿನಿಂದ ತೆಗೆದ ಉಂಗುರದಂಥ ಮ್ಯಾಗ್ನೆಟ್ ಕೈಜಾರಿ ಬಿದ್ದು ಎರಡು ತುಂಡಾಯಿತು. ಗೋಂದು ಹಚ್ಚಿ ಜೋಡಿಸಲು ಹೋದರೆ ತುಂಡುಗಳು ಒಂದನ್ನೊಂದು ತಳ್ಳುತ್ತಿವೆ. ಆದರೆ ಮುರಿದ ಜಾಗದಲ್ಲಿ ವಿರುದ್ಧ ಧ್ರುವಗಳು ಹುಟ್ಟುತ್ತವೆ ಅಂತ ಪಾಠದಲ್ಲಿದೆ. ಹಾಗಾದರೆ ಅಂಟಬೇಕಲ್ವಾ? (8ನೇ ತರಗತಿ)

ಪಾಠ ತಪ್ಪಲ್ಲ. ಆದರೆ ಪಾಠದಲ್ಲಿ ಬರೆಯುವ ಚಿತ್ರ ಹೆಚ್ಚಾಗಿ ಉದ್ದನೆಯ ಕಡ್ಡಿಯದ್ದು. ಕಡ್ಡಿಯ ಧ್ರುವಗಳು ಎರಡು ತುದಿಯಲ್ಲಿರುತ್ತವೆ. ಅದನ್ನು ನಡುವೆ ಅಡ್ಡಕ್ಕೆ ಮುರಿದರೆ ಮುರಿದ ಒಂದು ಮುಖ ಉತ್ತರ, ಎದುರಿನ ಮುಖ ದಕ್ಷಿಣ. ಎರಡೂ ಟಕ್ ಅಂತ ಅಂಟುತ್ತವೆ.

ಸ್ಪೀಕರಿನ ಉಂಗುರದ ಕಥೆ ಬೇರೆ. ಅದರ ಧ್ರುವಗಳು ತುದಿಯಲ್ಲಿಲ್ಲ, ಚಪ್ಪಟೆ ಮುಖಗಳಲ್ಲಿವೆ. ಮೇಲಿನ ಮುಖವೆಲ್ಲ ಉತ್ತರ, ಕೆಳಗಿನದೆಲ್ಲ ದಕ್ಷಿಣ ಅಂದುಕೊಳ್ಳಿ. ಮುರಿದಾಗ ಎರಡು ತುಂಡಿಗೂ ಮೇಲೆ ಉತ್ತರ, ಕೆಳಗೆ ದಕ್ಷಿಣ. ಅಕ್ಕಪಕ್ಕ ತಂದರೆ ಉತ್ತರದ ಪಕ್ಕ ಉತ್ತರವೇ ಬಂತು, ದಕ್ಷಿಣದ ಪಕ್ಕ ದಕ್ಷಿಣವೇ ಬಂತು. ತಳ್ಳದೆ ಇನ್ನೇನು ಮಾಡುತ್ತವೆ?

ಇಲ್ಲೊಂದು ಸ್ವಾರಸ್ಯ ಇದೆ. ಈ ತಳ್ಳಾಟ ಮುರಿದ ಮೇಲೆ ಹುಟ್ಟಿದ್ದಲ್ಲ. ಇಡೀ ಉಂಗುರ ಇದ್ದಾಗಲೂ ಒಳಗೊಳಗೇ ಇತ್ತು. ಆ ವಸ್ತುವಿನ ಗಟ್ಟಿತನ ಅದನ್ನು ಹಿಡಿದಿಟ್ಟಿತ್ತು, ಅಷ್ಟೇ. ಹಳೇ ಸ್ಪೀಕರುಗಳಲ್ಲಿ ಹೆಚ್ಚಾಗಿ ಇರುವುದು ಫೆರೈಟ್. ಕಬ್ಬಿಣದ ಆಕ್ಸೈಡಿಗೆ ಬೇರಿಯಂ ಅಥವಾ ಸ್ಟ್ರಾನ್ಷಿಯಂ ಸೇರಿಸಿ, ಒತ್ತಿ, ಸುಟ್ಟು ಮಾಡಿದ್ದು. ಮಡಕೆಯ ಜಾತಿ ಅನ್ನಿ. ಅದಕ್ಕೇ ಬಿದ್ದರೆ ಚೂರು.

ಒಂದು ತುಂಡನ್ನು ಮಗುಚಿ ಪಕ್ಕಕ್ಕೆ ತನ್ನಿ, ತಕ್ಷಣ ಅಂಟುತ್ತದೆ. ಆದರೆ ಮುರಿದ ಅಂಚು ಕೂಡುವುದಿಲ್ಲ. ಸರಿಯಾಗಿ ಜೋಡಿಸಬೇಕಾದರೆ ಒಂದು ಉಪಾಯ ಇದೆ. ದಪ್ಪ ಕಬ್ಬಿಣದ ತಗಡಿನ ಮೇಲೆ ಎರಡೂ ತುಂಡು ಇಡಿ. ಪ್ರತಿ ತುಂಡೂ ತಗಡನ್ನು ಕಚ್ಚಿಕೊಳ್ಳುತ್ತದೆ. ಆಮೇಲೆ ಮೆಲ್ಲಗೆ ಜಾರಿಸಿ ಹತ್ತಿರ ತಂದು ಗೋಂದು ಒಣಗುವವರೆಗೆ ಬಿಡಿ. ಬೆರಳು ಮಧ್ಯೆ ಸಿಗದಂತೆ ನೋಡಿಕೊಳ್ಳಿ.

ಒಂದೇ ಥರ ಕಾಣುವ ಎರಡು ಕಡ್ಡಿ ಕೊಟ್ಟರೆ, ಬೇರೇನೂ ಇಲ್ಲದೆ, ಯಾವುದು ಮ್ಯಾಗ್ನೆಟ್, ಯಾವುದು ಬರೀ ಕಬ್ಬಿಣ ಅಂತ ಹೇಳುವುದು ಹೇಗೆ? (7ನೇ ತರಗತಿ)

ತುದಿಗೆ ತುದಿ ಹಿಡಿದರೆ ಏನೂ ಗೊತ್ತಾಗುವುದಿಲ್ಲ. ಯಾವುದು ಯಾವುದನ್ನು ಎಳೆದರೂ ಎರಡೂ ಅಂಟುತ್ತವೆ. ಹಾಗಾಗಿ ಒಂದರ ತುದಿಯನ್ನು ಇನ್ನೊಂದರ ನಟ್ಟನಡುವೆ ಮುಟ್ಟಿಸಿ. ಮ್ಯಾಗ್ನೆಟ್ಟಿನ ಶಕ್ತಿ ತುದಿಗಳಲ್ಲಿ ಜಾಸ್ತಿ, ನಡುವೆ ಇಲ್ಲವೇನೋ ಅನ್ನುವಷ್ಟು ಕಡಿಮೆ. ಗಟ್ಟಿಯಾಗಿ ಅಂಟಿದರೆ ತುದಿ ಮುಟ್ಟಿಸಿದ್ದೇ ಮ್ಯಾಗ್ನೆಟ್. ಅಂಟದೇ ಹೋದರೆ ಅದು ಕಬ್ಬಿಣ.

ಕೈಯಲ್ಲಿ ಇನ್ನೊಂದು ಮ್ಯಾಗ್ನೆಟ್ ಇದ್ದರೆ ಇನ್ನೂ ಸುಲಭ. ಎಳೆದರೆ ನಂಬಬೇಡಿ, ಬರೀ ಕಬ್ಬಿಣವನ್ನೂ ಅದು ಎಳೆಯುತ್ತದೆ. ತಳ್ಳಿದರೆ ಮಾತ್ರ ನಂಬಿ.

ಮೇಲಿನ ಬಣ್ಣವನ್ನಂತೂ ನಂಬಲೇಬೇಡಿ. ನಾನು ಹೊಸದಾಗಿ ಪಾಠ ಶುರು ಮಾಡಿದ ದಿನಗಳಲ್ಲಿ ಕಡ್ಡಿ ಮ್ಯಾಗ್ನೆಟ್ಟನ್ನು ದಾರದಲ್ಲಿ ತೂಗುಬಿಟ್ಟು, "ನೋಡಿ, ಕೆಂಪು ತುದಿ ಉತ್ತರಕ್ಕೆ ನಿಲ್ಲುತ್ತದೆ" ಅಂದೆ. ಅದು ಸುತ್ತಿ ಸುತ್ತಿ, ಕೆಂಪು ತುದಿಯನ್ನು ದಕ್ಷಿಣಕ್ಕೆ ತೋರಿಸಿ ನಿಂತಿತು. "ಸಾರ್, ನಿಮ್ದು ಉಲ್ಟಾ" ಅಂತ ಹಿಂದಿನ ಬೆಂಚಿನಿಂದ ಧ್ವನಿ. ಕಬ್ಬಿಣದ ಮೇಜು ಕಾರಣ ಇರಬೇಕು ಅಂತ ಸ್ಟ್ಯಾಂಡನ್ನು ಕಿಟಕಿ ಪಕ್ಕಕ್ಕೆ ಒಯ್ದೆ. ಅಲ್ಲೂ ಉಲ್ಟಾ. ಮ್ಯಾಗ್ನೆಟ್ಟುಗಳನ್ನೆಲ್ಲ ಒಂದೇ ಡಬ್ಬಿಗೆ ಹೇಗೆಂದರೆ ಹಾಗೆ ತುಂಬಿಟ್ಟಿದ್ದರು. ಬಲವಾದದ್ದರ ಪಕ್ಕ ತಪ್ಪು ದಿಕ್ಕಿಗೆ ಬಿದ್ದ ದುರ್ಬಲ ಮ್ಯಾಗ್ನೆಟ್ಟಿನ ಧ್ರುವಗಳೇ ಅದಲುಬದಲಾಗಿದ್ದವು. ಬಣ್ಣ ಮಾತ್ರ ಇದ್ದಲ್ಲೇ ಇತ್ತು. ಅಂದಿನಿಂದ ಮೊದಲು ತೂಗುಬಿಟ್ಟು ನೋಡುತ್ತೇನೆ, ಆಮೇಲೆ ಬಾಯಿ ತೆರೆಯುತ್ತೇನೆ.

ಮ್ಯಾಗ್ನೆಟ್ ಎಲ್ಲ ಲೋಹಗಳನ್ನೂ ಎಳೆಯುತ್ತದಾ? (5ನೇ ತರಗತಿ)

ಇಲ್ಲ ಪುಟ್ಟಾ. ಕಬ್ಬಿಣ, ನಿಕಲ್, ಕೋಬಾಲ್ಟ್ ಮತ್ತು ಅವು ಸೇರಿದ ಕೆಲವು ಮಿಶ್ರಲೋಹ, ದಿನನಿತ್ಯಕ್ಕೆ ಇಷ್ಟೇ. ಚಿನ್ನ, ತಾಮ್ರ, ಅಲ್ಯೂಮಿನಿಯಂ ಅಲ್ಲಾಡುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕೆಲವು ಅಂಟುತ್ತವೆ, ಕೆಲವು ಇಲ್ಲ.

ದಿಕ್ಸೂಚಿಯ ಉತ್ತರ ಧ್ರುವ ಭೂಮಿಯ ಉತ್ತರಕ್ಕೆ ತಿರುಗುತ್ತದೆ. ಒಂದೇ ಥರದ ಧ್ರುವಗಳು ತಳ್ಳಬೇಕಲ್ವಾ? (9ನೇ ತರಗತಿ)

ಭಲೇ! ಎಷ್ಟೋ ಜನ ದೊಡ್ಡವರಿಗೂ ಈ ಅನುಮಾನ ಬರುವುದಿಲ್ಲ. ಉತ್ತರಕ್ಕೆ ತಿರುಗುವ ತುದಿಗೆ ನಾವು 'ಉತ್ತರ ಧ್ರುವ' ಅಂತ ಹೆಸರಿಟ್ಟೆವು. ಹಾಗಾದರೆ ಅದನ್ನು ಎಳೆಯುವುದು ದಕ್ಷಿಣ ಧ್ರುವವೇ ಆಗಿರಬೇಕು. ಹೌದು, ಭೂಮಿಯ ಉತ್ತರದ ಕಡೆ ಇರುವುದು ಮ್ಯಾಗ್ನೆಟ್ಟಿನ ಲೆಕ್ಕದಲ್ಲಿ ದಕ್ಷಿಣ ಧ್ರುವ. ಗೊಂದಲ ಇರುವುದು ಹೆಸರಲ್ಲಿ.

ಭೂಮಿಯೇ ಒಂದು ದೊಡ್ಡ ಆಯಸ್ಕಾಂತ ಅಂತ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲೇ ಹೇಳಿದ್ದ. ಆದರೆ ಭೂಮಿಯ ಒಳಗೆ ಕಡ್ಡಿ ಮ್ಯಾಗ್ನೆಟ್ ಬಚ್ಚಿಟ್ಟ ಚಿತ್ರ ಬರೀತಾರಲ್ಲ, ಅದನ್ನು ನಿಜ ಅಂದುಕೊಳ್ಳಬೇಡಿ. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮ್ಯಾಗ್ನೆಟ್ಟಾಗಿ ಉಳಿಯುವುದಿಲ್ಲ, ಭೂಮಿಯ ಗರ್ಭ ಅದಕ್ಕಿಂತ ಎಷ್ಟೋ ಬಿಸಿ. ಅಲ್ಲಿ ಕೆಲಸ ಮಾಡುವುದು ವಿದ್ಯುತ್ತು. ಸುಮಾರು 2,900 ಕಿಲೋಮೀಟರ್ ಆಳದ ಕೆಳಗೆ ಕರಗಿದ ಕಬ್ಬಿಣ ಕುದಿಯುವ ನೀರಿನಂತೆ ಮೇಲೆ ಕೆಳಗೆ ಸುಳಿಯುತ್ತದೆ. ಅದರಲ್ಲಿ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಹರಿದಲ್ಲಿ ಕಾಂತಕ್ಷೇತ್ರ ಇದ್ದೇ ಇರುತ್ತದೆ. ಇದನ್ನು 1820ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್ ತೋರಿಸಿಕೊಟ್ಟ. ತಂತಿಯಲ್ಲಿ ಕರೆಂಟ್ ಬಿಟ್ಟಾಗ ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ಅಲುಗಿತು.

ಈ ಧ್ರುವಗಳೂ ಆಗಾಗ ಅದಲುಬದಲಾಗಿವೆ. ಕೊನೆಯ ಸಲ ಆಗಿದ್ದು ಸುಮಾರು 7.8 ಲಕ್ಷ ವರ್ಷದ ಹಿಂದೆ. ನನ್ನ ಡಬ್ಬಿಯ ಕಡ್ಡಿಗೆ ಆದ ಹಾಗೆಯೇ, ಕಾರಣ ಮಾತ್ರ ಬೇರೆ.

ಸೂಜಿಯನ್ನು ಮ್ಯಾಗ್ನೆಟ್ ಮಾಡಲು ಎಷ್ಟು ಸಲ ಉಜ್ಜಬೇಕು? ನಾನು ಹಿಂದೆ ಮುಂದೆ ಚೆನ್ನಾಗಿ ಉಜ್ಜಿದೆ, ಏನೂ ಆಗಲಿಲ್ಲ. (6ನೇ ತರಗತಿ)

ಆ 'ಹಿಂದೆ ಮುಂದೆ'ಯಲ್ಲೇ ಎಡವಟ್ಟಾಗಿದ್ದು. ಸೂಜಿಯ ಉಕ್ಕಿನೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ವಲಯಗಳಿವೆ. ಒಂದೊಂದೂ ಒಂದು ಪುಟಾಣಿ ಮ್ಯಾಗ್ನೆಟ್. ಸಾಮಾನ್ಯವಾಗಿ ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿರುವುದರಿಂದ ಒಂದರ ಬಲ ಇನ್ನೊಂದು ಕಳೆದುಬಿಡುತ್ತದೆ. ಒಂದೇ ದಿಕ್ಕಿಗೆ ಉಜ್ಜಿದರೆ ಬಹಳಷ್ಟು ಒಂದೇ ಕಡೆ ತಿರುಗುತ್ತವೆ. ನೀನು ಮುಂದಕ್ಕೆ ಉಜ್ಜಿ ತಿರುಗಿಸಿದ್ದನ್ನು ಹಿಂದಕ್ಕೆ ಉಜ್ಜಿ ಕೆಡಿಸಿದೆ.

ಮ್ಯಾಗ್ನೆಟ್ಟಿನ ಒಂದೇ ಧ್ರುವವನ್ನು ಸೂಜಿಯ ಕಣ್ಣಿನಿಂದ ಮೊನೆಯವರೆಗೆ ಎಳೆ. ಮೊನೆ ದಾಟಿದ ಮೇಲೆ ಎತ್ತಿ, ಗಾಳಿಯಲ್ಲೇ ದೊಡ್ಡ ಸುತ್ತು ಹಾಕಿ ಮತ್ತೆ ಕಣ್ಣಿಗೆ ಬಾ. ಮೂವತ್ತು ನಲವತ್ತು ಸಲ ಸಾಕು. ಆಮೇಲೆ ತಟ್ಟೆಯ ನೀರಿನಲ್ಲಿ ಒಣ ಎಲೆ ತೇಲಿಬಿಟ್ಟು ಅದರ ಮೇಲೆ ಸೂಜಿ ಇಡು. ತಟ್ಟೆ ಕಬ್ಬಿಣದ್ದು ಬೇಡ, ಉಜ್ಜಿದ ಮ್ಯಾಗ್ನೆಟ್ಟೂ ದೂರ ಇರಲಿ. ಮೊನೆ ಯಾವ ದಿಕ್ಕಿಗೆ ನಿಂತಿತು, ಯಾವ ಧ್ರುವದಿಂದ ಉಜ್ಜಿದೆ, ಎರಡನ್ನೂ ಬರೆದು ಕಳಿಸು. ಮ್ಯಾಗ್ನೆಟ್ಟಿನ ಬಣ್ಣ ಸರಿ ಇದೆಯಾ ಅಂತ ಇಲ್ಲಿಂದಲೇ ಹೇಳುತ್ತೇನೆ.