ಮಲೆನಾಡಿನ ಮಳೆಯಲ್ಲಿ ಸೊಪ್ಪು ಕೊಯ್ದ ಮರುದಿನವೇ ಬಾಡುತ್ತೆ, ಕೊಯ್ಲಿಗೆ ಮೊದಲು ಸಹಜವಾಗಿ ಏನು ಕೊಡಬಹುದು?

ಮೊದಲು ಸ್ಲರಿ ನಿಲ್ಲಿಸಿ, ಸಿಂಪಡಣೆ ಆಮೇಲೆ. ಸಾಗರದ ಹಿತ್ತಿಲಲ್ಲಿ ಹರಿವೆ, ಪಾಲಕ್, ಕೊತ್ತಂಬರಿಗೆ ವಾರಕ್ಕೆರಡು ಸಲ ಗೋಬರ್ ಗ್ಯಾಸ್ ಸ್ಲರಿ (ಗುಂಡಿಯಿಂದ ಹೊರಬರುವ ಸಗಣಿ ರಾಡಿ) ಹಾಕ್ತೀರಿ, ಎಲೆ ಕಡುಹಸಿರಾಗಿ ಅಗಲವಾಗಿ ಬಂದು, ಕೊಯ್ದ ಮರುದಿನ ಜೋತುಬಿದ್ದು ಹಳದಿಯಾಗುತ್ತೆ ಅಂತ ಬರೆದಿದ್ದೀರಿ. ಹೆಚ್ಚಿನಂಶ ಇದು ಸಾರಜನಕ ಅತಿಯಾದದ್ದು. ಅಂಥ ಎಲೆಯಲ್ಲಿ ನೀರೇ ಹೆಚ್ಚು, ಕೋಶದ ಗೋಡೆ ತೆಳು. ಮೇಲಾಗಿ ಬೇರು ಹೀರಿದ ನೈಟ್ರೇಟನ್ನು (ಸಾರಜನಕದ ಒಂದು ರೂಪ) ಗಿಡ ಪ್ರೋಟೀನ್ ಮಾಡಿಕೊಳ್ಳೋಕೆ ಬೆಳಕು ಬೇಕು. ಆಷಾಢದ ಮೋಡದಲ್ಲಿ ಅದು ಸಿಗೋದಿಲ್ಲ, ನೈಟ್ರೇಟ್ ಎಲೆಯಲ್ಲೇ ಉಳಿಯುತ್ತೆ. ಪಾಲಕ್, ಹರಿವೆ ಎರಡೂ ಇದನ್ನು ಕೂಡಿಡೋದರಲ್ಲಿ ಮುಂದು. ಮಡಿ ಅಡಿಕೆ ಮರದ ನೆರಳಲ್ಲಿದ್ದರೆ ಯಾವ ಸಿಂಪಡಣೆಯೂ ಸಾಲದು, ಜಾಗ ಬದಲಿಸಿ.

30 ದಿನಕ್ಕೆ ಕೀಳುವ ಹರಿವೆಗೆ ಕೊನೆಯ ಸ್ಲರಿ 18–20ನೇ ದಿನದೊಳಗೆ ಮುಗೀಲಿ. ಕೊಯ್ದಂತೆ ಚಿಗುರುವ ಪಾಲಕ್‌ಗೆ ಕೊಯ್ದ ಮರುದಿನ ಒಂದೇ ಸಲ, ಬುಡಕ್ಕೆ. ಸಗಣಿ, ಗೋಮೂತ್ರ, ಬೆಲ್ಲ ಕಲಸಿ ಮಾಡೋ ಜೀವಾಮೃತವನ್ನು ಎಲೆ ಮೇಲೆ ಸಿಂಪಡಿಸೋ ರೂಢಿ ನಮ್ಮ ಕಡೆ ಇದೆ, ಹಸಿಯಾಗಿ ತಿನ್ನೋ ಕೊತ್ತಂಬರಿಗೆ ಅದು ಬೇಡವೇ ಬೇಡ. ಹಸಿ ಸಗಣಿಯಲ್ಲಿ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಇರುತ್ತವೆ. ಅಮೆರಿಕದ ಸಾವಯವ ನಿಯಮದಲ್ಲಿ ಮಣ್ಣಿಗೆ ತಾಗುವ ಬೆಳೆಗೆ ಹಸಿ ಗೊಬ್ಬರಕ್ಕೂ ಕೊಯ್ಲಿಗೂ 120 ದಿನ ಅಂತರ ಬೇಕು. ತಿಂಗಳ ಬೆಳೆಗೆ ಅದು ಆಗದ ಮಾತು, ಹಾಗಾಗಿ ಕೊತ್ತಂಬರಿಗೆ ಚೆನ್ನಾಗಿ ಕಳಿತ ಗೊಬ್ಬರ ಮಾತ್ರ.

ಸ್ಲರಿ ನಿಂತ ಮೇಲೆ ಬಚ್ಚಲೊಲೆಯ ಬೂದಿ. ಪೊಟ್ಯಾಶ್, ಸುಣ್ಣದಂಶ ಎರಡೂ ಅದರಲ್ಲಿದೆ. ಮಳೆಗೆ ತೊಳೆದು ಹುಳಿಯಾದ ನಮ್ಮ ಕೆಂಪು ಮಣ್ಣಿಗೆ ಬೇಕಾದದ್ದೂ ಅದೇ. ಇದ್ದಿಲು ಹೋಗುವಂತೆ ಜರಡಿ ಹಿಡಿದು, ಚದರ ಮೀಟರಿಗೆ 50 ಗ್ರಾಂ, ಸಾಲಿನ ನಡುವೆ ಉದುರಿಸಿ ಮಣ್ಣಿಗೆ ಸೇರಿಸಿ. ಎಲೆಗೆ ಬಿದ್ದು ನೆಂದರೆ ಅಲ್ಲಲ್ಲಿ ಸುಟ್ಟ ಕಲೆ ಬೀಳುತ್ತೆ. ಸ್ಲರಿಗೋ ಗೋಮೂತ್ರಕ್ಕೋ ಬೂದಿ ಕಲಸಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ.

ಎಲೆ ಗಟ್ಟಿಯಾಗೋಕೆ ಕ್ಯಾಲ್ಸಿಯಂ ಬೇಕು. ಅದು ಬೇರಿನಿಂದ ನೀರಿನ ಜೊತೆ ಮೇಲೇರುತ್ತೆ. ಗಾಳಿಯೇ ಒದ್ದೆಯಾಗಿದ್ದಾಗ ಎಲೆ ಬೆವರೋದಿಲ್ಲ, ಹಾಗಾಗಿ ಕುಡಿ ಎಲೆಗೆ ತಲುಪೋದಿಲ್ಲ. ಹಳೇ ಎಲೆಯಿಂದ ಹೊಸದಕ್ಕೆ ಇಳಿಯೋದೂ ಇಲ್ಲ. ಅದಕ್ಕೇ ನೇರ ಎಲೆಗೆ ಸಿಂಪಡಿಸಬೇಕು. ಹತ್ತು ಮೊಟ್ಟೆ ಚಿಪ್ಪನ್ನು ತೊಳೆದು, ಬಾಣಲೆಯಲ್ಲಿ ಹುರಿದು, ಪುಡಿ ಮಾಡಿ ಅರ್ಧ ಲೀಟರ್ ವಿನೆಗರ್‌ಗೆ ಹಾಕಿ. ನೊರೆ ಉಕ್ಕುತ್ತೆ, ಅಗಲ ಬಾಯಿಯ ಪಾತ್ರೆಯೇ ಇರಲಿ, ಮುಚ್ಚಳ ಬಿಗಿಯಬೇಡಿ. ಕೆಲವು ದಿನಕ್ಕೆ ಗುಳ್ಳೆ ನಿಂತು ತಳದಲ್ಲಿ ಪುಡಿ ಉಳಿದಿದ್ದರೆ ಹುಳಿ ತೀರಿತು ಅಂತ ಅರ್ಥ. ಪುಡಿಯೆಲ್ಲ ಕರಗಿಹೋಗಿದ್ದರೆ ಇನ್ನಷ್ಟು ಹಾಕಿ, ಇಲ್ಲದಿದ್ದರೆ ಉಳಿದ ಹುಳಿ ಎಲೆ ಸುಡುತ್ತೆ. ಸೋಸಿ, ಲೀಟರ್ ನೀರಿಗೆ 5 ಮಿ.ಲೀ. ಬೆರೆಸಿ, ಕೊಯ್ಲಿಗೆ 10 ದಿನ ಮೊದಲು ಒಮ್ಮೆ, 5 ದಿನ ಮೊದಲು ಒಮ್ಮೆ ಸಿಂಪಡಿಸಿ. ಬೇರೇನನ್ನೂ ಜೊತೆಗೆ ಸೇರಿಸಬೇಡಿ. ಮೊದಲ ಸಲ ನಾಲ್ಕು ಗಿಡಕ್ಕೆ ಹೊಡೆದು ಒಂದು ದಿನ ನೋಡಿ.

ಹಳದಿಯಾಗೋದಕ್ಕೆ ನುಗ್ಗೆಸೊಪ್ಪಿನ ರಸ. ಎಲೆ ಮುಪ್ಪಾಗೋದನ್ನು ತಡ ಮಾಡುವ ಝಿಯಾಟಿನ್ ಅನ್ನೋ ಹಾರ್ಮೋನ್ ಅದರಲ್ಲಿದೆ. ಒಂದು ಕಿಲೋ ಎಳೆ ಸೊಪ್ಪಿಗೆ ಒಂದು ಲೋಟ ನೀರು ಹಾಕಿ ರುಬ್ಬಿ, ಪಂಚೆ ಬಟ್ಟೆಯಲ್ಲಿ ಹಿಂಡಿ, ಇನ್ನೊಮ್ಮೆ ಸೋಸಿ. ಸೋಸದಿದ್ದರೆ ನಾಝಲ್ ಕಟ್ಟುತ್ತೆ. 15 ಲೀಟರ್ ಕ್ಯಾನಿಗೆ ಅರ್ಧ ಲೀಟರ್ ರಸ, ಅಂದರೆ 1ಕ್ಕೆ 30. ಹಿಂಡಿದ ಐದು ಗಂಟೆಯೊಳಗೆ ಮುಗಿಸಿ, ರಾತ್ರಿ ಇಟ್ಟ ರಸ ಪ್ರಯೋಜನಕ್ಕೆ ಬಾರದು. ಇದನ್ನು ಕೊಯ್ಲಿಗೆ ಒಂದು ವಾರ ಮೊದಲು, ಬೆಳಗ್ಗೆ ಎಲೆಯ ನೀರು ಆರಿದ ಮೇಲೆ, ಅಡಿಭಾಗಕ್ಕೂ ತಾಗುವಂತೆ ಹೊಡೀರಿ. ಹೊಡೆದ ಒಂದೆರಡು ಗಂಟೆಯಲ್ಲಿ ಮಳೆ ಬಂದರೆ ಕೆಲಸ ದಂಡ. ಅದಕ್ಕೇ ಮಡಿ ಮೇಲೆ ಬಿದಿರಿನ ಗಳು ಬಾಗಿಸಿ, ಪಕ್ಕ ತೆರೆದಿಟ್ಟು, ಪಾರದರ್ಶಕ ಪ್ಲಾಸ್ಟಿಕ್ ಹಾಕೋದು ಎಲ್ಲ ಸಿಂಪಡಣೆಗಿಂತ ಲಾಭದ ಖರ್ಚು ಅಂತ ನನ್ನ ಅಭಿಪ್ರಾಯ.

ಕೊಯ್ಯೋದು ಸಂಜೆ ನಾಲ್ಕೂವರೆ ಮೇಲೆ. ಹಗಲಿಡೀ ಮಾಡಿದ ಸಕ್ಕರೆ ಎಲೆಯಲ್ಲಿರುತ್ತೆ, ನೈಟ್ರೇಟ್ ಇಳಿದಿರುತ್ತೆ. ಬೆಳಗ್ಗೆ ಕೊಯ್ದದ್ದಕ್ಕಿಂತ ಹೆಚ್ಚು ಬಾಳುತ್ತೆ. ಮಳೆನೀರು ತೊಟ್ಟಿಕ್ಕುವಾಗ ಕೊಯ್ದು ಕಟ್ಟು ಕಟ್ಟಿದರೆ ಮಾತ್ರ ಒಳಗಿಂದಲೇ ಕೊಳೆಯುತ್ತೆ. ಗೋಮೂತ್ರ, ಬೇವಿನೆಣ್ಣೆ ಕೊನೇ ವಾರ ಬೇಡ, ವಾಸನೆ ಸಾರಿನ ತನಕ ಬರುತ್ತೆ.

ಇನ್ನೊಂದು: ಹರಿವೆ ಎಲೆ ತಿರುಗಿಸಿ ನೋಡಿ. ಅಡಿಯಲ್ಲಿ ಸುಣ್ಣದ ಚುಕ್ಕೆಯಂಥ ಬಿಳಿ ಗುಳ್ಳೆ, ಮೇಲೆ ಅದೇ ಜಾಗದಲ್ಲಿ ಹಳದಿ ಕಲೆ ಇದ್ದರೆ ಅದು ಬಿಳಿ ತುಕ್ಕು ರೋಗ. ಮೇಲೆ ಹೇಳಿದ್ದು ಯಾವುದೂ ಅದಕ್ಕೆ ಮದ್ದಲ್ಲ. ಆ ಗಿಡಗಳನ್ನು ಕಿತ್ತು ಸುಟ್ಟು, ಈ ಮಳೆಗಾಲಕ್ಕೆ ಆ ಮಡಿಯಲ್ಲಿ ಬಸಳೆ ಹಚ್ಚಿ.